ಎಂಟು ಗುಂಟೆ

ರಮಜಾನಿನ ಮೂವತ್ತು ಸಂಜೆ
ಸೊಹಾರಿನ ಮೀನುಪೇಟೆಯ ಹಿಂದಿನ ಮಸೀದಿಯಲ್ಲಿ
ಖರ್ಜೂರದ ಬೀಜ ಬೇಡುತ್ತ ನಿಂತೆ,
ಕೈಯಲ್ಲೊಂದು ಅಕ್ಕಿಯ ಖಾಲಿ ಚೀಲ.
ಹಣ್ಣು ಕೇಳುವವರನ್ನು ಕಂಡಿದ್ದರು ಅವರು,
ಉಗುಳಿದ್ದನ್ನು ಕೇಳುವವನನ್ನು ಕಂಡಿರಲಿಲ್ಲ.
ಸಿಲ್ಹೆಟಿನ ಗೌಂಡಿ, ಪೇಶಾವರದ ಡ್ರೈವರು,
ಬಂದರಿನ ಕ್ರೇನಿನಿಂದ ಇಳಿದು ಬಂದ ಭಟ್ಕಳದ ಹುಡುಗ,
ಎಲ್ಲರ ಬಾಯಿಂದ ಬಂದದ್ದೂ ಒಂದೇ ಬೀಜ,
ಬೆನ್ನ ಮೇಲೊಂದು ಸೀಳು.
ಹುಚ್ಚ, ಅಂದರು ಅರಬಿಯಲ್ಲಿ.
ಆರು ವರ್ಷದಲ್ಲಿ ಆ ಪದ ಚೆನ್ನಾಗಿ ತಿಳಿದಿದೆ ನನಗೆ.

ಡಾಕ್ಟರ್ ಝುವೈನಾ ಹೇಳಿಕೊಟ್ಟ ಹಾಗೆ
ತೊಳೆದೆ, ಹರವಿದೆ (ಇಲ್ಲಿ ಬಿಸಿಲಿಗೇನು ಬರ),
ಆಮ್ಲದಲ್ಲಿ ಒಂದು ರಾತ್ರಿ ನೆನೆಹಾಕಿ
ಐನೂರು ಡಿಗ್ರಿಯ ಕುಲುಮೆಗೆ ಕೊಟ್ಟು ಬಾಗಿಲು ಬಿಗಿದೆ.
ಕುಲುಮೆ ಅಂದೆನೆ? ಇದಕ್ಕೆ ತಿದಿಯಿಲ್ಲ, ಕಿಡಿಯಿಲ್ಲ,
ಕೆಂಪು ಅಂಕಿ ಮಾತ್ರ ಏರುತ್ತದೆ.
ಹೊರಬಂದದ್ದು ಇದ್ದಿಲು.
ಬೆರಳಿಗೆ ಹತ್ತಿದ ಕಪ್ಪನ್ನು ಮೂಸಿದೆ,
ಲಕ್ಷ್ಮೇಶ್ವರದ ಬಜಾರು ಮೂಗಿಗೆ ಬಂತು.

ಅಬ್ಬಾ ಕಲಾಯಿ ಹಾಕುತ್ತಿದ್ದ.
ಬೇವಿನ ಬುಡಕ್ಕೊಂದು ಕುಳಿ ತೋಡಿ
ತಿದಿ ಒತ್ತಲು ನನ್ನನ್ನು ಕೂರಿಸಿ
ಕಾದ ಹಿತ್ತಾಳೆಯೊಳಗೆ ನವಸಾಗರದ ಹೊಗೆ ಎಬ್ಬಿಸಿ
ಅರಿವೆಯಿಂದ ಒಂದು ಸುತ್ತು ಒರೆಸಿದರೆ
ಪಾತ್ರೆಯ ಹೊಟ್ಟೆಯಲ್ಲಿ ನನ್ನ ಮುಖ ಅಗಲವಾಗಿ ಮೂಡುತ್ತಿತ್ತು.
ತವರ ತುಟ್ಟಿ. ತವರಕ್ಕೆ ಸೀಸ ಬೆರೆಸುತ್ತಿದ್ದ,
ಎಲ್ಲರ ಹಾಗೆ, ಯಾರೂ ಬಯ್ಯದ ಹಾಗೆ.
ಕೊನೆಕೊನೆಗೆ ಅವನ ಮಣಿಕಟ್ಟು ಜೋತು ಬಿತ್ತು,
ಒಸಡಿಗೊಂದು ನೀಲಿ ಗೆರೆ.
ದೃಷ್ಟಿ, ಅಂದಳು ಅಮ್ಮಿ. ದರ್ಗಾದ ತಾಯಿತ ಕಟ್ಟಿದಳು.
ತಾಯಿತವೂ ಸೀಸದ್ದೇ.

ಈಗ ಗಾಜಿನ ಕೊಳವೆಗೆ ಇದ್ದಿಲು ತುಂಬಿ
ಹಳೆ ಬ್ಯಾಟರಿ ಕರಗಿಸುವ ಶೆಡ್ಡಿನ ನೀರು ಹೊಯ್ಯುತ್ತೇನೆ.
ಮೇಲೂ ತಿಳಿ, ಕೆಳಗೂ ತಿಳಿ;
ಏನಾಯಿತೆಂದು ಯಂತ್ರವೇ ಹೇಳಬೇಕು.
ಹೀರುವುದಲ್ಲ ಅದು, ಅಂದಳು ಝುವೈನಾ,
ಮೈಗೆ ಹಚ್ಚಿಕೊಳ್ಳುವುದು. ಒಂದು ಗ್ರಾಂ ಇದ್ದಿಲಿನ ಒಳಮೈ
ಬಿಡಿಸಿ ಹಾಸಿದರೆ ಎಂಟುನೂರು ಚದರ ಮೀಟರು.
ಮನಸ್ಸಿನಲ್ಲೇ ಲೆಕ್ಕ ಹಾಕಿದೆ: ಎಂಟು ಗುಂಟೆ.
ನಮ್ಮ ಏಳು ತಲೆಮಾರಿಗೆ ಇರದ ಹೊಲ
ಈ ಚಿಟಿಕೆಯಲ್ಲಿ.
ಬೆಳೆಯುವುದು ಸೀಸ.

ಮೊದಲ ದಿನ ಅಂಕಿ ಸೊನ್ನೆಯ ಹತ್ತಿರ ಬಂತು.
ಝುವೈನಾ ಕಹ್ವಾ ತರಿಸಿದಳು, ಜೊತೆಗೆ ಖರ್ಜೂರ,
ಬೀಜಗಳನ್ನು ಎಣಿಸಿ ನನ್ನ ಕೈಗಿಟ್ಟಳು.
ನಾಲ್ಕನೆಯ ದಿನ ಮತ್ತೆ ಏರಿತು. ಹೊಲ ತುಂಬಿತ್ತು.
ಆ ಇದ್ದಿಲನ್ನು ಡ್ರಮ್ಮಿಗೆ ಸುರಿದು ಬಾಯಿ ಬಿಗಿದು
ತಲೆಬುರುಡೆಯ ಚೀಟಿ ಅಂಟಿಸಿದೆ.
ಸೀಸ ಎಲ್ಲಿಗೂ ಹೋಗಿಲ್ಲ.
ಇಲ್ಲಿದೆ, ಇಷ್ಟಿದೆ ಅಂತ ಬರೆದಿಟ್ಟಿದ್ದೇವೆ, ಅಷ್ಟೇ.
ಅಬ್ಬಾನ ಎಲುಬಿನ ಮೇಲೆ ಯಾರೂ ಬರೆಯಲಿಲ್ಲ.

ರಾತ್ರಿ ರೋಶನಬಿ ಅಕ್ಕನಿಗೆ ಫೋನು ಹಚ್ಚಿದೆ.
ಏನು ಕೆಲಸವೋ ನಿಂದು, ಕೇಳಿದಳು ಯಾವತ್ತಿನಂತೆ.
ಕಲಾಯಿ ಬಿಡಸೋದು, ಅಂದೆ. ನಕ್ಕಳು.
ಅಬ್ಬಾ ಕೊನೇಕ್ಕ ಮಾಡಿದ್ದ ದೊಡ್ಡ ಪಾತೇಲಿ, ಮದುವಿಗೆ ಬಾಡಿಗಿ ಕೊಡ್ತಿ,
ಇನ್ನೂ ಐತೇನು?
ಹೊಳಪು ಹಂಗ ಐತಿ ನೋಡು, ಶುಕ್ರವಾರಕ್ಕ ಕೊಟ್ಟೀನಿ.
ಕೊಡಬ್ಯಾಡ. ರೊಕ್ಕ ಕಳಸ್ತೀನಿ, ಬರೀ ತವರದ ಕಲಾಯಿ ಹೊಡಸು.
ಅಲ್ಲೀತನಕ ಹುಣಸಿಹುಳಿ ತಾಗಸಬ್ಯಾಡ ಅದಕ್ಕ.
ಯಾಕೋ?
ಯಂತ್ರ, ಅಂಕಿ, ನೀಲಿ ಗೆರೆ, ಎಲ್ಲ ನಾಲಿಗೆಗೆ ಬಂದು ನಿಂತವು.
ಅಬ್ಬಾ ಹೇಳತಿದ್ದ, ಅಂದೆ.