ಹತ್ತು ಜನ, ಕೋರಂ ಇಲ್ಲ

ಸಾಲಗಾಮೆ ರಸ್ತೆ, ಬೀಜಗೊಬ್ಬರದ ಅಂಗಡಿ ಮೇಲಿನ ಕೋಣೆ.
ಹಾಸನ ಪ್ರಕೃತಿವಿಜ್ಞಾನ ಮಂಡಳಿಯ
ನಲವತ್ತೊಂಬತ್ತನೇ ಸರ್ವಸದಸ್ಯರ ಸಭೆ.
ಹೊತ್ತು ಐದು ಗಂಟೆ. ಬಂದವರು ಹತ್ತು.
ಕಾರ್ಯದರ್ಶಿ ನಾನು; ಪೆನ್ನಿನ ಟೋಪಿ ಬಿಚ್ಚಿ
ಮೆಟ್ಟಿಲ ಕಡೆ ಕಿವಿಯಿಟ್ಟು ಕೂತೆ.

ಬೇಕಾದದ್ದು ಹನ್ನೊಂದು.
ಪಟ್ಟಿಯಲ್ಲಿ ಮೂವತ್ತೊಂದು ಹೆಸರು,
ಅದರ ಮೂರನೇ ಒಂದು ಭಾಗ, ಭಿನ್ನರಾಶಿ ಉಳಿದರೆ
ಮೇಲಿನ ಪೂರ್ಣಾಂಕ: ನಿಯಮ ಹನ್ನೆರಡು.
ಬರೆದವರು ಧರಣೇಂದ್ರಯ್ಯ,
ಸಸ್ಯಶಾಸ್ತ್ರದ ಲೆಕ್ಚರರು, ಬಹುಕಾಲದ ಖಜಾಂಚಿ,
ಕಾಫಿ ಬಿಲ್ಲಿನ ಒಂದೂವರೆ ರೂಪಾಯಿ ವ್ಯತ್ಯಾಸಕ್ಕೆ
ರಾತ್ರಿ ಒಂಬತ್ತರ ತನಕ ನಮ್ಮನ್ನು ಕೂರಿಸಿದವರು.
ಹೋದ ತಿಂಗಳು ತೀರಿಕೊಂಡರು.

ಮೊದಲು ಹೊಳೆದದ್ದು ಇಮಾಮ್‌ಸಾಬರಿಗೆ, ಗಣಿತದವರು:
"ಅವರ ಹೆಸರು ತೆಗೆದರೆ ಮೂವತ್ತು.
ಮೂವತ್ತಕ್ಕೆ ಹತ್ತು. ಹತ್ತೂ ಜನ ಇದೀವಲ್ಲ,
ಶುರು ಮಾಡಿ."
"ಹೆಸರು ತೆಗೆಯೋಕೆ ಠರಾವು ಬೇಕು ಸಾರ್."
"ಮಾಡಿ ಠರಾವು."
"ಠರಾವಿಗೆ ಕೋರಂ ಬೇಕು."

ಫ್ಯಾನು ತಿರುಗಿತು. ಕೆಳಗೆ ಯಾರೋ
ಬಿತ್ತನೆ ಆಲೂಗಡ್ಡೆ ಮೂಟೆಗೆಷ್ಟು ಅಂತ ಚೌಕಾಸಿ.
ಅಧ್ಯಕ್ಷರು, ದೊಡ್ಡಾಸ್ಪತ್ರೆಯಲ್ಲಿ ಪೆಥಾಲಜಿಯಲ್ಲಿದ್ದ
ಡಾಕ್ಟರ್ ಫಿಲೋಮಿನಾ ಪಿಂಟೋ, ಕನ್ನಡಕ ಒರೆಸುತ್ತ
"ಸತ್ತಿದ್ದಾರೆ ಅನ್ನೋದಕ್ಕೂ ಬಹುಮತ ಬೇಕೇನ್ರೀ?"
ಯಾರೂ ನಗಲಿಲ್ಲ.
ಆಮೇಲೆ ಎಲ್ಲರೂ ನಕ್ಕರು.

ಫೋನು ಮಾಡಿದೆ. ಒಬ್ಬರು ಅರಸೀಕೆರೆಯಲ್ಲಿ ಮದುವೆ ಊಟಕ್ಕೆ ಕೂತಿದ್ದರು,
ಒಬ್ಬರಿಗೆ ಮಂಡಿ ನೋವು,
ಒಬ್ಬರಿಗೆ ನೋಟೀಸೇ ತಲುಪಿಲ್ಲ.
(ತಲುಪಿತ್ತು. ಸಹಿ ನನ್ನ ಬಳಿಯಿದೆ.)

ಐದೂವರೆ. ನಿಯಮ ಹದಿಮೂರರಂತೆ ಬರೆದೆ:
"ಸಂಖ್ಯಾಬಲ ಸಾಲದ್ದರಿಂದ ಸಭೆಯನ್ನು
ಮುಂದಿನ ಭಾನುವಾರಕ್ಕೆ ಮುಂದೂಡಲಾಯಿತು."
ಅಡಿಗೆರೆ ಎಳೆದೆ. ನಡಾವಳಿ ಇಷ್ಟೇ.

ಗೆರೆಯ ಕೆಳಗಿನದು ಇದು.
ಯಾರೂ ಏಳಲಿಲ್ಲ. ಹೂವಮ್ಮ, ಇವತ್ತು
ಖಜಾಂಚಿ ಆಗಬೇಕಿದ್ದವರು,
ಬಾಕಿ ನೋಡೋಣವೆಂದು ಬೀರು ತೆಗೆದರು.
ರಸೀದಿ ಪುಸ್ತಕಗಳಡಿ ಒಂದು ವರ್ನಿಯರ್ ಕ್ಯಾಲಿಪರ್ಸ್,
ಒಂದು ರಟ್ಟಿನ ಕೊಳವೆ,
ಒಳಗೆ ಸುರುಳಿ ಸುತ್ತಿದ ಟ್ರೇಸಿಂಗ್ ಕಾಗದ, ಇಪ್ಪತ್ತೆರಡು.

ಸೀಗೆಗುಡ್ಡದ ಒಂದೇ ಬಂಡೆ, ಒಂದೇ ಕಲ್ಲುಹೂವು,
ವರ್ಷ ವರ್ಷವೂ ಮಾರ್ಚ್ ಮೂವತ್ತೊಂದು,
ಲೆಕ್ಕ ಮುಗಿಸುವ ದಿನ.
ಒಂದರ ಮೇಲೊಂದಿಟ್ಟು ಟ್ಯೂಬ್‌ಲೈಟಿಗೆ ಹಿಡಿದೆವು:
ಸುತ್ತಿನಾಚೆ ಸುತ್ತು, ಅಂಕುಡೊಂಕು ಅಂಚು,
ಮೊದಲ ಗೆರೆಯಿಂದ ಕೊನೆಯ ಗೆರೆಗೆ
ನನ್ನ ಹೆಬ್ಬೆರಳುಗುರಿನ ಅಗಲ.
ಈ ವರ್ಷದ್ದು ಮಾತ್ರ ಕೊಂಚ ನಡುಗಿದೆ.

"ಹದಿನೇಳು ಮಿಲಿಮೀಟರು," ಇಮಾಮ್‌ಸಾಬರು ಅಳೆದರು.
"ಇಪ್ಪತ್ತೆರಡರಿಂದ ಅಲ್ಲ, ನಡುವಿನ ವರ್ಷ ಇಪ್ಪತ್ತೊಂದು, ಅದರಿಂದ ಭಾಗಿಸಬೇಕು."
ಭಾಗಿಸಿ ಸುಮ್ಮನಾದರು.

ಒಂಬತ್ತನೇ ಹಾಳೆಯ ಅಂಚಿನಲ್ಲಿ
ಲೆಕ್ಕದ ಪುಸ್ತಕದ ಅದೇ ಗುಂಡು ಅಕ್ಷರ:
"ಬೆಳೆದಿಲ್ಲ. ನನ್ನ ಅಳತೆ ತಪ್ಪಿರಬಹುದು.
ಮುಂದಿನ ವರ್ಷ ನೋಡುವುದು."

ಕಾರ್ಯಸೂಚಿಯ ಕೊನೆಯ ಬಾಬು
ಯಾವತ್ತೂ 'ಸದಸ್ಯರ ಸಂಶೋಧನೆ'.
ಅಲ್ಲಿಗೆ ಮುಟ್ಟುವ ಹೊತ್ತಿಗೆ ಹೊಳೆನರಸೀಪುರದ ಕೊನೇ ಬಸ್ಸು,
ಚಪ್ಪಲಿ ಹುಡುಕುವ ಸದ್ದು.
ಅವರೂ ಕೇಳಲಿಲ್ಲ, ನಾವೂ ಕರೆಯಲಿಲ್ಲ.

ಮುಂದಿನ ಮಾರ್ಚಿಗೆ ಗುಡ್ಡ ಹತ್ತುವವರು ಯಾರು?
ಸೂಚಕರಿಲ್ಲ, ಅನುಮೋದಕರಿಲ್ಲ.
ಹೂವಮ್ಮ ಕ್ಯಾಲಿಪರ್ಸನ್ನು ಸೆರಗಿನಲ್ಲಿ ಒರೆಸಿ
ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದರು.

ದಾಸ್ತಾನು ಪುಸ್ತಕದಲ್ಲಿ ನಾನು
'ಒಂದು ಉಪಕರಣ, ಕಾಣೆ' ಎಂದು ಬರೆಯಬೇಕು,
ಹಾಜರಿ ಪಟ್ಟಿಯಲ್ಲಿ ಒಂದು ಹೆಸರಿನ ಮುಂದೆ
ಏನಾದರೂ ಬರೆಯಬೇಕು.
ಪೆನ್ನಿಗೆ ಟೋಪಿ ಹಾಕಿದೆ.
ಮುಂದಿನ ಭಾನುವಾರ ನೋಡುವುದು.