ಎಡಗಡೆಯ ಸೀಟು

ಗುತ್ತಲು ರಸ್ತೆಯಲ್ಲಿ ನನ್ನದೊಂದು ಹೊಲಿಗೆ ಯಂತ್ರ.
ಉಡುವುದನ್ನಲ್ಲ, ಕೂರುವುದನ್ನು ಹೊಲಿಯುತ್ತೇನೆ.
ಎಂಜಿನ್ನಿನ ಗುಟ್ಟು ತಿಳಿಯದು;
ಗಾಡಿಯನ್ನು ನಾನು ಓದುವುದು
ಜನ ಕೂತು ಸವೆಸಿದ ಜಾಗದಿಂದ.

ಅಂದಾನಿ ಮೇಸ್ಟ್ರು ಎರಡನ್ನೂ ಒಂದೇ ಸೋಮವಾರ ತಂದರು.
ಎಜ್ಡಿಯನ್ನು ನೂಕಿಕೊಂಡು ತಾವು,
ಹಿಂದೆ ಮ್ಯಾಟಡಾರು ಓಡಿಸಿಕೊಂಡು ಮಗಳು ಮಾದೇವಿ.
ಅದರ ಪಕ್ಕೆಯ ಮೇಲೆ ‘ಅಂ’ ಅಳಿಸಿಹೋಗಿ
‘ದಾನಿ ಬ್ಯಾಂಡ್‌ಸೆಟ್, ಮಂಡ್ಯ’ ಉಳಿದಿತ್ತು.
ಚೌಕಾಸಿಯಲ್ಲಿ ಅವರನ್ನು ಬಲ್ಲವರು
ಆ ಗೋಡೆ ನೋಡಿ ನಗುತ್ತಾರೆ.

‘ಮಂಡಿ ಹೋಯ್ತು ಕಣಪ್ಪ, ಒದೆಯಕ್ಕಾಗಕಿಲ್ಲ.
ಒಂದನ್ನ ಮಾರ್ಬೇಕು. ಎರಡಕ್ಕೂ ಸೀಟು ಹೊಲಿ,
ಯಾವ್ದ ಮಾರ್ಲಿ ಅಂತ ನೀನೇ ಯೋಳು.’

ಎಜ್ಡಿ ಒಂಟಿ ಆಳು.
ಒದೆಯುವ ಕಡ್ಡಿಯನ್ನೇ ಮಡಿಸಿದರೆ ಗೇರು,
ಒಂದೇ ಕೂಲಿಗೆ ಎರಡು ಕೆಲಸ.
ಪೆಟ್ರೋಲಿಗೆ ಎಣ್ಣೆ ಕಲಸಿ ಕುಡಿಸಬೇಕು,
ಕೂಸಿಗೆ ಬಜೆ ತೇಯ್ದಂತೆ, ಕೈಯಳತೆಯಲ್ಲಿ.
ವೀಳ್ಯ ಹಿಡಿಯಲು ಮುಂಚೆ ಹೋಗುತ್ತಿದ್ದುದು ಅದೇ;
ಗೆಜ್ಜಲಗೆರೆಯ ತಿರುವಿನಲ್ಲೇ ಅದರ ಸದ್ದು ಕೇಳಿ
ಮದುವೆಮನೆಯವರು ದುಡ್ಡು ಎಣಿಸಿಡುತ್ತಿದ್ದರಂತೆ.

ಮ್ಯಾಟಡಾರು ಹಾಗಲ್ಲ, ತುಂಬಿದ ಮನೆ.
ಕೆಮ್ಮಿ ಕೆಮ್ಮಿ ಏಳುವಷ್ಟರಲ್ಲಿ
ನಮ್ಮದೊಂದು ಕಾಫಿ ಮುಗಿದಿರುತ್ತದೆ.
ಎಂಜಿನ್ನು ಡ್ರೈವರನ ಪಕ್ಕದಲ್ಲೇ, ಕಾದ ಹೆಂಚು;
ಚಳಿಗಾಲದ ಮುಹೂರ್ತಗಳಿಗೆ
ಅದರ ಮೇಲೆಯೇ ತಮಟೆ ಕಾಯಿಸಿದ್ದಾರೆ.

ಅದರ ಸೀಟು ಬಿಚ್ಚಿದೆ. ಸಂದಿಯಿಂದ
ಕಡಲೆಕಾಯಿ ಸಿಪ್ಪೆ, ಹೇರ್‌ಪಿನ್ನು,
ಕೆಂಪು ಕೋಟಿನ ಹಿತ್ತಾಳೆ ಗುಂಡಿ,
ಯಾರದೋ ತಲೆಯಿಂದ ಉದುರಿದ ಅಕ್ಷತೆ,
ಒಂದು ಹತ್ತು ಪೈಸೆ, ಅಂಚು ಅಲೆಅಲೆ.
ಹನ್ನೊಂದು ಜನ ಕೂರುವ ಜಾಗದಲ್ಲಿ
ಹದಿನೇಳು ಜನರ ಹಳ್ಳ.

ಎಜ್ಡಿಯದು ಬಿಚ್ಚಿದೆ. ಸಂದಿಯೇ ಇಲ್ಲ.
ಕಪ್ಪು ರೆಕ್ಸಿನ್ನಿನ ಕೆಳಗೆ ನೀಲಿ,
ನೀಲಿಯ ಕೆಳಗೆ ಕಾಫಿಪುಡಿ ಬಣ್ಣ,
ಅದರಲ್ಲಿ ನಮ್ಮಪ್ಪನ ಹೊಲಿಗೆ,
ಎಂಟಕ್ಕೊಂದು ಗಂಟು ಹಾಕುವ ಚಾಳಿ.
ಕೈ ತಡೆಯಿತು.

ಮುಂದೆ ಮೇಸ್ಟ್ರ ಗಾತ್ರದ ಒಂದು ತಗ್ಗು.
ಹಿಂದಿನ ಅರ್ಧ ಕುಗ್ಗಿಯೇ ಇಲ್ಲ,
ಎರಡು ಕಡೆ ಹಗ್ಗದ ಗೀರು ಮಾತ್ರ.
‘ಇಲ್ಲಿ ಯಾರು ಕೂರ್ತಿದ್ರವ್ವ?’
‘ಕ್ಲಾರ್ನೆಟ್ ಪೆಟ್ಟಿಗೆ,’ ಎಂದಳು ಮಾದೇವಿ.
‘ನನ್ನ ಒಂದ್ ದಿನಾನೂ ಹತ್ತಿಸ್ಕಳಿಲ್ಲ.
ನಾನು ಯಾವಾಗಲೂ ಹಿಂದಿನ ಗಾಡೀಲಿ, ಡ್ರಮ್ಮಿನ ಜೊತೆ.’
ಮೇಸ್ಟ್ರು ಆಲೆಮನೆ ಕಡೆಯ ಹೊಗೆ ನೋಡುತ್ತಿದ್ದರು.

ಯಾವುದನ್ನು ಮಾರಬೇಕೆಂದು
ನಾನು ಹೇಳಬೇಕಾಗಿ ಬರಲಿಲ್ಲ.
ಗುರುವಾರ ಅವಳೊಬ್ಬಳೇ ಬಂದು
ಮ್ಯಾಟಡಾರಿನೊಳಗೆ ಗೇಣು ಹಾಕಿ ಅಳೆದಳು.
‘ಎಡಗಡೆ ಸೀಟು ಹೊಲೀಬ್ಯಾಡಣ್ಣ, ಕಿತ್ತಾಕು.
ಇದು ಅಲ್ಲಿ ನಿಂತ್ಕಳ್ಳಿ.
ಖಾಲಿ ರಸ್ತೆ ಸಿಕ್ಕಿದ ಕಡೆ ಇಳಿಸಿ
ನಾನೇ ಒದ್ದು ಕೊಡ್ತೀನಿ, ಅಪ್ಪ ಓಡಿಸ್ಲಿ.’
ಮೆಟ್ಟಿಲಿಳಿದವಳು ತಿರುಗಿ ಅಂದಳು:
‘ಎಜ್ಡೀದು ಹಿಂದ್ಗಡೆ
ಒಂಚೂರು ಸ್ಪಂಜು ಜಾಸ್ತಿ ಹಾಕು.’

ಶನಿವಾರ ಮೇಸ್ಟ್ರು ಲೆಕ್ಕಕ್ಕೆ ಬಂದರು.
ಎಜ್ಡಿಯ ಸೀಟು ಒತ್ತಿ ನೋಡಿದರು, ಮುಂದೆ, ಹಿಂದೆ,
ಹಿಂದೆ ಇನ್ನೊಮ್ಮೆ.
ಆಮೇಲೆ ದಾನಿಗಳು ಗಂಟಲು ಸರಿಮಾಡಿಕೊಂಡು,
‘ಒಂದು ಸೀಟು ಕಮ್ಮಿ ಆಯ್ತಲ್ಲಪ್ಪ,
ಎಷ್ಟು ಬುಡ್ತೀಯ?’