ಬೀರು

ನಿವೃತ್ತ ನ್ಯಾಯಾಧೀಶೆ ಎರ್ಸಿಲಿಯಾ ಕಾಂಚೇಮಿಗೆ
ನನ್ನ ಹೆಸರು ಗೊತ್ತಿತ್ತು. ಕರೆಯುತ್ತಿದ್ದದ್ದು ಮಾತ್ರ "ಏಯ್, ಬೀರು".
ಅಡ್ಡ ನಿಲ್ಲುತ್ತೀಯ, ಬೆಳಕು ಬಿಡುವುದಿಲ್ಲ,
ಒಳಗೇನಿದೆಯೋ ದೇವರೇ ಬಲ್ಲ.
ಬೀರುವೇ ಸರಿ ನೀನು.

ಪಲೆರ್ಮೋದ ಸಂತೆಬೀದಿಗೆ ಆಕೆ ಕಾಲಿಡಕೂಡದು, ಕಾಯಿದೆ.
ಕಾಯಿದೆ ಆಕೆಗೆ ನನಗಿಂತ ಚೆನ್ನಾಗಿ ಗೊತ್ತು;
ಎಲ್ಲಿ ಹಿಡಿದರೆ ಮುರಿಯುತ್ತದೆ ಎಂಬುದೂ.
ಕತ್ತಿಮೀನಿನ ಬೆಲೆಗೆ ಮುಕ್ಕಾಲು ಗಂಟೆ ಜಗಳ.
ನಾನು ಮಾಳಿಗೆಯ ಕಿಟಕಿ, ಸ್ಕೂಟರು,
ಜೇಬಿನಲ್ಲಿ ಅಡಗಿದ ಕೈಗಳನ್ನು ಎಣಿಸುತ್ತಿದ್ದರೆ
ನನ್ನ ಎಡತೋಳಿಗೆ ಸೋಂಪಿನ ಸೊಪ್ಪಿನ ಕಂತೆ ತುರುಕಿ
"ಬಲಗೈ ಖಾಲಿ ಇರಬೇಕಲ್ಲವೇ ನಿನಗೆ? ಇರಲಿ ಬಿಡು" ಎಂದಳು.

ಒಮ್ಮೆ ಕಣ್ಣಿಗೆ ಮಣ್ಣೆರಚಿ ಮೀನಿನ ವ್ಯಾನು ಹತ್ತಿ ಹೋದಳು.
ಮೂರು ಜೀಪು, ಆರು ವೈರ್‌ಲೆಸ್ಸು, ನನ್ನ ಒಂದೇ ಕೆಲಸ—
ಸಿಕ್ಕಿದ್ದು ಕಡಲಂಚಿನಲ್ಲಿ, ಚಪ್ಪಲಿ ಕೈಯಲ್ಲಿ ಹಿಡಿದು
ನಿಂಬೆಯ ಐಸು ಚಪ್ಪರಿಸುತ್ತ.
ನನಗೂ ಒಂದು ತೆಗೆದಿಟ್ಟಿದ್ದಳು. ಪೂರ್ತಿ ಕರಗಿತ್ತು.
"ತಡ ಮಾಡಿದೆ."
ಕುಡಿದೆ.

ಅಡುಗೆಯ ಜೆಲ್ಸೋಮಿನಾ ಹೇಳಿದ್ದು, ಈರುಳ್ಳಿ ಹೆಚ್ಚುತ್ತ:
ನಿನಗಿಂತ ಹಿಂದಿನವನನ್ನು ಹೆಸರು ಹಿಡಿದೇ ಕರೆಯುತ್ತಿದ್ದಳು.
ಆಮೇಲೆ ಆ ಹೆಸರನ್ನು ಕಲ್ಲಿನ ಮೇಲೆ ಓದಬೇಕಾಯಿತು.

ಮೊನ್ನೆ ಇಲಾಖೆಯ ಕಾಗದ: ಅಪಾಯ ತಗ್ಗಿದೆ,
ರಕ್ಷಣೆ ಹಿಂಪಡೆಯಲಾಗಿದೆ.
ಎರಡು ಸಲ ಓದಿ, ವ್ಯಾಕರಣದ ಒಂದು ತಪ್ಪಿಗೆ ಕೆಂಪು ಗೆರೆ ಎಳೆದು
"ನನ್ನನ್ನು ಕೊಲ್ಲುವಷ್ಟು ಪುರಸೊತ್ತೂ ಯಾರಿಗಿಲ್ಲ ನೋಡು" ಎಂದು ನಕ್ಕಳು.
ನಗು ಅರ್ಧಕ್ಕೇ ನಿಂತಿತು,
ಎರಡು ಮಹಡಿಗಳ ನಡುವೆ ಲಿಫ್ಟು ನಿಂತ ಹಾಗೆ.

ಶನಿವಾರ. ನನಗೆ ರಜೆ. ಪಿಸ್ತೂಲು ಠಾಣೆಯಲ್ಲಿದೆ.
ಸೊಪ್ಪಿನಂಗಡಿಗೆ ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದೆ,
ಅಭ್ಯಾಸಬಲ, ಅಷ್ಟೆ.
ತಿರುಗದೆಯೇ ಕರೆದಳು: "ಗಾಸ್ಪಾರೆ."
ಯಾರನ್ನೋ ಎಂದು ನಾನೇ ಹಿಂದೆ ನೋಡಿದೆ.

ಎಡತೋಳಿಗೆ ಸೋಂಪು. ಕೊಂಚ ತಡೆದು, ಬಲತೋಳಿಗೆ
ಮುಳ್ಳುಮುಳ್ಳಿನ ಆರ್ಟಿಚೋಕು, ಒಂದು ಡಜನು.
ಮೂಗಿನವರೆಗೆ ಹೊತ್ತು ನಡೆದೆ.
ಸೊಪ್ಪಿನ ಸಂದಿಯಲ್ಲಿ ಕಂಡದ್ದಿಷ್ಟು:
ಮುಂದೆ ಮುಂದೆ ಆಕೆ, ಊರುಗೋಲಿನಿಂದ ಜನರನ್ನು ಸರಿಸುತ್ತ,
ಒಂದೊಂದೇ ಸ್ಕೂಟರನ್ನು ದಿಟ್ಟಿಸುತ್ತ,
ಮಾಳಿಗೆಯ ಕಿಟಕಿಗಳನ್ನು ಎಣಿಸುತ್ತ.